ಗೋಧಿ ತಿನ್ನಿಸಿದವರು ಯಾರು?

"ನಿಜ ಹೇಳು! ಬ್ರೆಡ್ಡು ತಿಂದೆಯೋ, ಬಿಸ್ಕತ್ತು ತಿಂದೆಯೋ?"

"ಎರಡೂ ಇಲ್ಲ ಮಾವ. ಎಷ್ಟು ಸಲ ಹೇಳೋದು? ಬಾಯೊಳಗೆ ಟಾರ್ಚ್ ಬಿಟ್ಟು ನೋಡ್ತೀರಾ?"

"ಹಾಗಾದ್ರೆ ರಕ್ತದ ರಿಪೋರ್ಟು ಸುಳ್ಳು ಹೇಳುತ್ತಾ? ಕದ್ದು ತಿನ್ನೋ ಕಳ್ಳಿ!"

ಬೈಂಡರ್ ಮಾವ ಆವತ್ತು ಅಂಗಡಿಯ ಬಾಗಿಲು ತೆಗೆಯುವ ಮೊದಲೇ ಬಾಯಿ ತೆಗೆದಿದ್ದ. ತಂಗಿಯ ಮಗಳು ಅವನ ಅಂಗಡಿಯಲ್ಲೇ ಪುಸ್ತಕ ಹೊಲಿಯುತ್ತಿದ್ದಳು. ಅವಳಿಗೆ ಚಿಕ್ಕಂದಿನಿಂದ ಸಕ್ಕರೆ ಕಾಯಿಲೆ; ಇನ್ಸುಲಿನ್ ಚುಚ್ಚಿಕೊಂಡೇ ಊಟ. ಅದು ಸಾಲದೆಂದು ಹೋದ ವರ್ಷ ಸೀಲಿಯಾಕ್ ಎಂಬ ಇನ್ನೊಂದು ಬಂದು ವಕ್ಕರಿಸಿತ್ತು. ಗೋಧಿ ಚೂರೇ ಚೂರು ಒಳಗೆ ಹೋದರೂ ಕರುಳು ಕೆರಳುತ್ತದೆ. ಕೆರಳಿದ ಕರುಳು ಉಂಡದ್ದನ್ನು ಸರಿಯಾಗಿ ಹೀರುವುದಿಲ್ಲ, ಚುಚ್ಚಿಕೊಂಡ ಇನ್ಸುಲಿನ್ ಮಾತ್ರ ತನ್ನ ಕೆಲಸ ಬಿಡುವುದಿಲ್ಲ. ಆಗ ರಕ್ತದ ಸಕ್ಕರೆ ಹಗ್ಗ ಕಡಿದ ಕೊಡದ ಹಾಗೆ ಧಡಕ್ಕನೆ ಕೆಳಗೆ. ಮನೆಗೆ ಗೋಧಿ ಬರುವುದು ನಿಂತು ವರ್ಷವಾಗಿತ್ತು. ಆದರೂ ಗೋಧಿ ಒಳಗೆ ಹೋಗುತ್ತಲೇ ಇದೆ ಎಂದಿದ್ದರು ಡಾಕ್ಟರು.

"ಕಳ್ಳಿ ಅಂದ್ರಲ್ಲ, ಅದನ್ನ ವಾಪಸ್ ತಗೊಳ್ಳಿ," ಎಂದಳು ಹುಡುಗಿ.

"ತಿನ್ನಿಸ್ತಿರೋನನ್ನ ಹಿಡಿದು ತಂದು ನಿನ್ನೆದುರು ನಿಲ್ಲಿಸ್ತೀನಿ. ಆಮೇಲೆ ಮಾತಾಡು!"

ಮಾವ ಒಲೆಯ ಮೇಲಿನ ಅಂಟನ್ನು ಕೈಯಾಡಿಸಿ ಇಳಿಸಿದ. ಅವನ ಅಪ್ಪನ ಕಾಲದಿಂದ ಬಂದ ಅಂಟು. ಎದುರಂಗಡಿಯ ಬೈಂಡರು ಡಬ್ಬಿಯ ಬಿಳಿ ಗಮ್ಮು ಬಳಸುತ್ತಾನೆಂದು ಅವನ ಮುಖ ನೋಡುವುದನ್ನೇ ಬಿಟ್ಟಿದ್ದ. ಹುಡುಗಿ ಅಂಟು ಬಳಿದ ಕೈಯಲ್ಲೇ, ಬೆರಳನ್ನು ನಾಲಿಗೆಗೆ ತಾಗಿಸಿಕೊಂಡು ಹಾಳೆ ಎಣಿಸತೊಡಗಿದಳು.

ಮಾವ ಮೊದಲು ನುಗ್ಗಿದ್ದು ಪಕ್ಕದ ಟೈಲರ್ ಅಕ್ಕನ ಅಂಗಡಿಗೆ. "ನಮ್ಮ ಹುಡುಗಿಗೆ ಏನು ತಿನ್ನಿಸ್ತಿದೀಯ?" ಎಂದು ಮೇಜು ಗುದ್ದಿದ ರಭಸಕ್ಕೆ ಗುಂಡುಸೂಜಿ ಡಬ್ಬಿ ಉರುಳಿ ನೆಲವೆಲ್ಲ ಮುಳ್ಳುಹಂದಿಯಾಯಿತು.

"ನಾನಾ? ಕಡ್ಡಿ ಥರ ಆಗಿದಾಳೆ ಅಂತ ಕರುಳು ಚುರ್ ಅನ್ನುತ್ತಪ್ಪ. ಕೊಟ್ರೆ ಮುಟ್ಟೋದೇ ಇಲ್ಲ. ಮೊದಲು ಸೂಜಿ ಆರಿಸು!"

ಆರಿಸಿ ಮುಗಿಸುವಷ್ಟರಲ್ಲಿ ಈಚೆ ಹುಡುಗಿ ಬೆವತು ನಡುಗುತ್ತಿದ್ದಳು. ಸಕ್ಕರೆ ಇಳಿದಿತ್ತು. ಗ್ಲೂಕೋಸ್ ಡಬ್ಬಿ ತೆಗೆದಳೋ ಇಲ್ಲವೋ, ಮಾವನ ಹಿಂದೆಯೇ ಬಂದ ಟೈಲರ್ ಅಕ್ಕ ಹದ್ದಿನ ಹಾಗೆ ಎರಗಿ ಕಿತ್ತುಕೊಂಡಳು.

"ಸಕ್ಕರೆ ಕಾಯಿಲೆಯವಳು ಸಕ್ಕರೆ ತಿಂತಾಳೆ ನೋಡಿ! ತಗೋ, ಈ ಉಪ್ಪು ಬಿಸ್ಕತ್ತು ತಿನ್ನು."

"ಇಳಿದಾಗ ಸಕ್ಕರೆನೇ ಔಷಧಿ ಅಕ್ಕ, ಕೊಡಿ ಇಲ್ಲಿ! ನಿಮ್ಮ ಬಿಸ್ಕತ್ತೇ ನನಗೆ ವಿಷ!"

ಹುಡುಗಿ ಡಬ್ಬಿ ಕಿತ್ತುಕೊಂಡು ಗ್ಲೂಕೋಸ್ ಬಾಯಿಗೆ ಸುರಿದುಕೊಂಡಳು. ಮಾವನ ಕಣ್ಣು ಬಿಸ್ಕತ್ತಿನ ಮೇಲೆ.

"ಸಿಕ್ಕಿಬಿದ್ದೆ!"

"ಅವಳು ತಿಂದ್ಲಾ? ಸುಟ್ಟವನು ಬೇಕರಿಯವನು, ಹೋಗಿ ಅವನನ್ನ ಕೇಳು!"

ಹುಡುಗಿಯ ನಡುಕ ನಿಲ್ಲುವವರೆಗೆ ಮಾವ ಹಲ್ಲು ಕಡಿಯುತ್ತ ಕೂತ. ನಿಂತದ್ದೇ ತಡ, ಬೇಕರಿಗೆ ದೌಡಾಯಿಸಿದ. ಗಿರಾಕಿಗಳೆಲ್ಲ ಕಿವಿ ನಿಮಿರಿಸಿಕೊಂಡು ನಿಂತಿದ್ದರು. "ಲೋ ಕೊಲೆಗಡುಕ! ನಮ್ಮ ಹುಡುಗಿಗೆ ಏನೇನು ಮಾರಿದೀಯ?"

ಬೇಕರಿಯವನು ಮೊಣಕೈವರೆಗೆ ಹಿಟ್ಟು ಮೆತ್ತಿಕೊಂಡು ನಾದುತ್ತಿದ್ದ. "ಕೊಲೆಗಡುಕನಾ ನಾನು? ನಡಿ, ಅವಳ ಎದುರಿಗೇ ಕೇಳೋಣ!" ಎಂದವನೇ ಹಾಗೇ ಹೊರಟ. ಹಿಂದೆ ಗಿರಾಕಿಗಳು. ದಾರಿಯಲ್ಲಿ ಟೈಲರ್ ಅಕ್ಕನೂ ಸೇರಿಕೊಂಡಳು.

ಮಾವನ ಅಂಗಡಿಗೆ ಬಂದ ಬೇಕರಿಯವನು ಹುಡುಗಿಯನ್ನು ಏನೂ ಕೇಳಲಿಲ್ಲ. ಮೂಲೆಯ ಚೀಲ ನೋಡಿ ನಿಂತುಬಿಟ್ಟ.

"ಇದೇನು?"

"ಕಣ್ಣು ಕಾಣಲ್ವಾ? ಅಂಟಿಗೆ ಮೈದಾ. ನಿನ್ನ ಹತ್ರಾನೇ ತಂದಿದ್ದು."

"ಮೈದಾ ಯಾವುದರಿಂದ ಮಾಡ್ತಾರೆ?"

"ಅಷ್ಟೂ ಗೊತ್ತಿಲ್ವಾ ನಿಂಗೆ? ಗೋ..."

ಎಲ್ಲರೂ ಹುಡುಗಿಯತ್ತ ತಿರುಗಿದರು. ಅಂಟು ಮೆತ್ತಿದ ಬೆರಳು ನಾಲಿಗೆಯ ಹತ್ತಿರವೇ ನಿಂತಿತ್ತು.

"ಅಂಟು... ಅಂಟನ್ನ ಯಾರು ತಿಂತಾರೆ?" ಎಂದ ಮಾವ, ಬೆಕ್ಕಿನ ದನಿಯಲ್ಲಿ.

"ನಾನು ಮಾವ. ದಿನಾ. ಬೆರಳು ನೆಕ್ಕಿ ಎಣಿಸು ಅಂತ ಕಲಿಸಿದವರು ನೀವೇ."

ಬೇಕರಿಯವನು ಕೈಕಟ್ಟಿ ನಿಂತ. "ಈಗ ಹೇಳು, ಕೊಲೆಗಡುಕ ಯಾರು?"

"ಆಯ್ತು, ನಾಳೆಯಿಂದ ಬೆರಳು ಅದ್ದೋಕೆ ಬಟ್ಟಲಲ್ಲಿ ನೀರು ಇಡ್ತೀನಿ."

"ಮೈದಾ?" ಎಂದಳು ಹುಡುಗಿ.

"ನಮ್ಮಪ್ಪನ ಅಂಟು ಬದಲಾಯಿಸೋ ಮಾತು ಎತ್ತಬೇಡ!"

"ಕಳ್ಳಿ ಅಂದದ್ದು?"

ಮಾವ ಸೂರು ನೋಡಿದ. ಅಷ್ಟು ಜನರೆದುರು ತಪ್ಪಾಯಿತು ಎನ್ನಲು ಅವನ ನಾಲಿಗೆ ಹೊರಳಲಿಲ್ಲ. ಬೈಯುವುದಕ್ಕಾದರೆ ಮೊಳದುದ್ದ ಬರುತ್ತಿತ್ತು.

ಹುಡುಗಿ ಸೋಪು ಹಾಕಿ ಕೈ ತೊಳೆದಳು. ಇನ್ಸುಲಿನ್ ಚೀಲ ಹೆಗಲಿಗೇರಿಸಿ ಮೆಟ್ಟಿಲಿಳಿದಳು.

"ಹೋಗಲಿ ಬಿಡಿ. ಊಟದ ಹೊತ್ತಿಗೆ ತಾನೇ ಬರ್ತಾಳೆ," ಎಂದ ಮಾವ ಎಲ್ಲರಿಗೂ ಕೇಳುವಂತೆ.

ಊಟದ ಹೊತ್ತು ಕಳೆಯಿತು, ಅವಳು ಬರಲಿಲ್ಲ. ಸಂಜೆ ಮಾವ ಕತ್ತು ಚಾಚಿ ನೋಡಿದರೆ ಎದುರಂಗಡಿಯಲ್ಲಿ ಕೂತಿದ್ದಳು. ಪಕ್ಕದಲ್ಲಿ ಬಿಳಿ ಗಮ್ಮಿನ ಡಬ್ಬಿ, ಮುಂದೆ ಒದ್ದೆ ಸ್ಪಂಜು. ಹಾಳೆಗಳು ಸರಸರನೆ ಸರಿಯುತ್ತಿದ್ದವು. ಮಾವ ಮುಖ ನೋಡುವುದನ್ನು ಬಿಟ್ಟಿದ್ದ ಆ ಬೈಂಡರು ಅಲ್ಲಿಂದಲೇ ಅವನಿಗೆ ಕೈ ಮುಗಿದ.

ಮಾವ ಬುಸುಗುಡುತ್ತ ಹಾಳೆಯ ರಾಶಿಯ ಮುಂದೆ ಒಬ್ಬನೇ ಕೂತ. ಬೆರಳು ನೆಕ್ಕಿದ. ಜೀವಮಾನವಿಡೀ ನೆಕ್ಕಿದ ಬೆರಳು. ಮೈದಾದ ರುಚಿ ಗೊತ್ತಾದದ್ದು ಅವತ್ತೇ.