ಜುಬೇದಮ್ಮನ ಮನೆಯಲ್ಲಿ ನನ್ನ ಉಪವಾಸ

ಯಾರ ಮನಸ್ಸಿಗೆ ಎಲ್ಲಿ ನೋವಾಗಿಬಿಡುತ್ತದೋ ಎಂದು ಹೆದರುವುದು ನನ್ನ ಹುಟ್ಟುಕಾಯಿಲೆ. ನೆಂಟರ ಮನೆಯ ಹಳಸಿದ ಪಾಯಸವನ್ನೂ 'ಬೊಂಬಾಟಾಗಿದೆ' ಎಂದು ಕುಡಿದು ಮೂರು ದಿನ ಹಾಸಿಗೆ ಹಿಡಿದವಳು ನಾನು. ಇಂಥವಳು ಸಮಾಜಕಾರ್ಯಕ್ಕೆ ಸೇರಿದರೆ ಸಮಾಜದ ಗತಿ ಏನು ಹೇಳಿ! ಸಾಲದ್ದಕ್ಕೆ, ಮುಸ್ಲಿಮರ ಮನೆಗೆ ಹೋದಾಗ ಅವರ ಆಚಾರವನ್ನು ಹೇಗೆ ಗೌರವಿಸಬೇಕು ಎಂದು ಒಂದು ದಿನದ ತರಬೇತಿ ಬೇರೆ. ಕೊಳ್ಳೇಗಾಲದ ನೇಕಾರರ ಬೀದಿಯಲ್ಲಿ, ಸಾಬರ ಮನೆಗಳ ಬೆನ್ನಿಗೇ ಬೆಳೆದರೂ ಒಳಗೆ ಕಾಲಿಟ್ಟವಳಲ್ಲ. ಹಾಗಾಗಿ ಹೇಳಿದ್ದನ್ನೆಲ್ಲ ಅಕ್ಷರ ಬಿಡದೆ ಬರೆದುಕೊಂಡೆ.

ಹನೂರಿನ ಜುಬೇದಮ್ಮನಿಗೆ ಅರವತ್ತೈದು ದಾಟಿದೆ. ಸಕ್ಕರೆ ಕಾಯಿಲೆ, ಕಾಲಲ್ಲಿ ಮಾಯದ ಗಾಯ. ವಾರಕ್ಕೊಮ್ಮೆ ಹೋಗಿ ನೋಡಿಬರುವುದು ನನ್ನ ಕೆಲಸ. ರಂಜಾನ್ ಶುರುವಾಯಿತು ನೋಡಿ, ನನ್ನ ಎದೆಯಲ್ಲಿ ಅವಲಕ್ಕಿ ಕುಟ್ಟತೊಡಗಿತು. ಇನ್ಸುಲಿನ್ ಸೂಜಿ ಚುಚ್ಚಿಕೊಳ್ಳುವ ಮುದುಕಿ ಉಪವಾಸ ಕೂತರೆ? ಬೇಡ ಎಂದರೆ ಧರ್ಮಕ್ಕೆ ಕೈಹಾಕಿದಂತೆ, ಸುಮ್ಮನಿದ್ದರೆ ಜೀವಕ್ಕೇ ಕುತ್ತು. ಬಸ್ಸಿನುದ್ದಕ್ಕೂ ಮಾತು ಜೋಡಿಸಿಕೊಂಡು ಹೋದೆ. ಸೊಸೆ ನಸೀಮಾ ಟೀ ತಂದ ಕೂಡಲೇ ಅಷ್ಟೂ ಮರೆತುಹೋಗಿ, "ಅಯ್ಯೋ, ನೀವು ಉಪವಾಸ ಇರುವಾಗ ನಾನು ಕುಡಿಯೋದಾ? ಈ ತಿಂಗಳು ಸಂಜೆವರೆಗೂ ನಾನೂ ಏನೂ ಮುಟ್ಟಲ್ಲ!" ಎಂದುಬಿಟ್ಟೆ. ಅತ್ತೆ ಸೊಸೆ ಮುಖ ಮುಖ ನೋಡಿಕೊಂಡರು. ನನ್ನ ಸಂಸ್ಕಾರಕ್ಕೆ ಬೆರಗಾದರು ಎಂದುಕೊಂಡು ನಾನು ಉಬ್ಬಿದೆ.

ಮುಂದಿನ ವಾರ ಬಸ್‌ಸ್ಟ್ಯಾಂಡ್ ಹೋಟೆಲಿನಲ್ಲಿ ಎರಡು ಇಡ್ಲಿ, ಒಂದು ವಡೆ ಮುಗಿಸಿ, ಬಾಯಿ ತೊಳೆದು, ಉಪವಾಸದ ಮುಖ ಹಾಕಿಕೊಂಡು ಬೆಳಿಗ್ಗೆ ಎಂಟೂವರೆಗೇ ಹೋಗಿ ಕೂತೆ. ಹತ್ತಾದರೂ ಏಳಲಿಲ್ಲ. ಮಾತಾಡುತ್ತಿದ್ದ ಜುಬೇದಮ್ಮ ಇದ್ದಕ್ಕಿದ್ದಂತೆ ಬೆವೆತರು, ಕೈ ನಡುಗಿತು, ನಾಲಿಗೆ ತೊದಲಿತು. "ಅಮ್ಮ, ದಮ್ಮಯ್ಯ, ರೋಜಾ ಬಿಟ್ಬಿಡಿ!" ಎಂದು ಕಿರುಚಿದೆ.

ನಸೀಮಾ ಸಕ್ಕರೆ ನೀರು ಹಿಡಿದು ಓಡಿಬಂದಳು. ಅತ್ತೆಗೆ ಕುಡಿಸುತ್ತಲೇ ನನ್ನ ಮೇಲೆ ಹರಿಹಾಯ್ದಳು: "ರೋಜಾ ಎಲ್ಲೈತೆ ಮೇಡಂ? ಡಾಕ್ಟ್ರೂ ಬ್ಯಾಡ ಅಂದವ್ರೆ, ಮಸೀದಿ ಅಜರತ್ತೂ ಬ್ಯಾಡ ಅಂದವ್ರೆ. ಸೂಜಿ ಆಕಂಡು ತಿಂಡಿಗೆ ಕೂರೋ ಒತ್ಗೆ ಸರ್ಯಾಗಿ ನೀವು ಬಂದ್ರಿ. 'ಆ ಯಮ್ಮನೇ ನಮಗೋಸ್ಕರ ಉಪಾಸ ಅವ್ಳೆ, ಅವಳ ಮುಂದೆ ನಾನೆಂಗೆ ತಿನ್ಲಿ' ಅಂತ ಅತ್ತೆ ತಿನ್ನದೆ ಕುಂತವ್ರೆ!"

ನಾಚಿಕೆಯಿಂದ ಸತ್ತೇಹೋದೆ. ನೀವು ಉಪವಾಸ ಇದ್ದೀರಾ ಎಂದು ಒಂದೇ ಒಂದು ಮಾತು ಕೇಳಿದ್ದರೆ ಆಗುತ್ತಿತ್ತು. ಚೇತರಿಸಿಕೊಂಡ ಜುಬೇದಮ್ಮ ಸೊಸೆ ತಂದಿಟ್ಟ ತಟ್ಟೆಯಿಂದ ರೊಟ್ಟಿ ಮುರಿದು ನನ್ನತ್ತ ಚಾಚಿದರು. "ನೀನೂ ತಿನ್ನವ್ವ, ಅಸ್ಕೊಂಡಿದ್ದೀಯ." ಹೊಟ್ಟೆಯೊಳಗಿನ ಇಡ್ಲಿ ವಡೆಯ ಮೇಲೇ ಅದನ್ನೂ ತಿಂದೆ. ಸತ್ಯ ಹೇಳುವ ಧೈರ್ಯ ಆಗಲೂ ಬರಲಿಲ್ಲ.

ಮಧ್ಯಾಹ್ನ ಆಫೀಸಿನಲ್ಲಿ ವರದಿ ತುಂಬಲು ಕೂತೆ. 'ಸಕ್ಕರೆ ಇಳಿಯಲು ಕಾರಣ' ಎಂಬ ಕಡೆ ಕೈ ತಾನಾಗಿ 'ರಂಜಾನ್ ಉಪವಾಸ' ಎಂದು ಬರೆಯಿತು. ಹೊಡೆದುಹಾಕಿದೆ. ಅದರ ಪಕ್ಕದಲ್ಲೇ 'ಕಾರ್ಯಕರ್ತೆಯ ಭೇಟಿ' ಎಂದು ಬರೆದು ಸಹಿ ಹಾಕಿದೆ.