ಹೆಂಡತಿಯ ಸೀನು, ನಮ್ಮ ಮನೆಯ ಡಕ್ಟು

ಸಾಹಸಗಳು ತಾವಾಗಿಯೇ ನನ್ನನ್ನು ಹುಡುಕಿಕೊಂಡು ಬರುತ್ತವೆ, ನಾನಾಗಿ ಕರೆಯುವುದಿಲ್ಲ. ಜಾರ್ಜಿಯಾದ ಕಮ್ಮಿಂಗ್ ಊರಿನಲ್ಲಿ ನಮ್ಮ ಬೀದಿಯವರನ್ನು ಬೇಕಾದರೆ ಕೇಳಿ: ಈ ಅಂಕಲ್ ಕೈ ಹಾಕಿದ ಮೇಲೆ ಯಾವ ಮಷೀನೂ ಮೊದಲಿನಂತೆ ಇರುವುದಿಲ್ಲ ಎಂದು ಎಲ್ಲರೂ ಒಪ್ಪುತ್ತಾರೆ.

ಮೊದಲು ನಾವು ಅರಿಜೋನಾದ ಮರುಭೂಮಿಯಲ್ಲಿದ್ದೆವು. ಅಲ್ಲಿ ಎಸಿ ಹಾಕಿದರೆ ಡಕ್ಟಿನಿಂದ, ಅಂದರೆ ಗಾಳಿ ತರುವ ಕೊಳವೆಯಿಂದ, ಗಾಳಿಗಿಂತ ಮುಂಚೆ ಮರಳು ಬರುತ್ತಿತ್ತು. ನನ್ನ ಹೆಂಡತಿ ಬೆಳಗ್ಗೆ ಶುರು ಮಾಡಿದ ಸೀನನ್ನು ಸಂಜೆ ಮುಗಿಸುತ್ತಿದ್ದಳು. ಹಸಿರಿರುವ ಕಡೆ ಹೋಗೋಣ ಅಂತ ಜಾರ್ಜಿಯಾಕ್ಕೆ ಬಂದರೆ, ಇಲ್ಲಿ ಮಾರ್ಚ್ ಬಂತೆಂದರೆ ಪೈನ್ ಮರಗಳೇ ಪರಾಗದ ಹಳದಿ ಪುಡಿ ಸುರಿಸುತ್ತವೆ. ನಮ್ಮ ಬಿಳಿ ಕಾರಿಗೆ ಪ್ರತಿ ವರ್ಷ ಅರಿಶಿನ ಶಾಸ್ತ್ರ.

ಆ ವರ್ಷ ವಿಷಯ ಗಂಭೀರವಾಯಿತು. ಹದಿನಾಲ್ಕು ವರ್ಷ ಕನ್ನಡ ಕೂಟದ ಕೋರಸ್‌ನ ಮೂರನೇ ಸಾಲಿನಲ್ಲಿ ನಿಂತವಳಿಗೆ ಯುಗಾದಿ ಕಾರ್ಯಕ್ರಮದಲ್ಲಿ ಒಬ್ಬಳೇ ಹಾಡುವ ಅವಕಾಶ ಸಿಕ್ಕಿತು. ಪ್ರಾಕ್ಟೀಸಿಗೆ ಕೂತರೆ ಪಲ್ಲವಿ ದಾಟುವುದರೊಳಗೆ ನಾಲ್ಕು ಸೀನು.

"ಸ್ಟೇಜ್ ಮೇಲೂ ಹೀಗಾದ್ರೆ ಇನ್ನು ಈ ಜನ್ಮದಲ್ಲಿ ನನ್ನ ಕರೆಯಲ್ಲ ರೀ" ಅಂದಳು.

"ಅವತ್ತು ನೀನು ಸೀನಿದರೆ ನಾನು ಮೀಸೆ ಬೋಳಿಸ್ತೀನಿ" ಅಂದೆ. ನನಗೆ ಮೀಸೆ ಇಲ್ಲ. ಆದರೂ ಶಪಥ ಶಪಥವೇ.

೧. ಫಿಲ್ಟರು

ಎಸಿ ಫಿಲ್ಟರ್ ಹೊರಗೆಳೆದರೆ ಅದರ ಮೇಲೆ ಬೂದು ಬಣ್ಣದ ಕಂಬಳಿ. ಹೊಸದು ತರುವುದು ಸೋಮಾರಿಗಳ ಕೆಲಸ. ನಾನು ಬಕೆಟ್ಟಿನಲ್ಲಿ ಸೋಪಿನ ಪುಡಿ ಕದಡಿ, ನೆನೆಸಿ, ಜಾಲಿಸಿ, ಮನೆ ಹಿಂದಿನ ಹಲಗೆ ಜಗಲಿಯ, ಅಂದರೆ ಡೆಕ್ಕಿನ, ಮೇಲೆ ಬಿಸಿಲಿಗಿಟ್ಟೆ. ಸಂಜೆ ಒಳಗೆ ತಂದು ಹಾಕುವಾಗ ಮಗಳು ನೋಡಿದಳು.

"ಅಪ್ಪಾ, ದಟ್ಸ್ ಡಿಸ್ಪೋಸಬಲ್."

"ಹೊಸದರ ಹಾಗೇ ಇದೆ ನೋಡು."

"ಹೊಸದು ವೈಟ್ ಇರತ್ತೆ. ಇದು ಯಾಕೆ ಯೆಲ್ಲೋ?"

ಇಡೀ ದಿನ ಪೈನ್ ಮರದ ಕೆಳಗೆ ಒಣಗಿದ್ದು ಮತ್ತೇನಾಗುತ್ತದೆ? ಆ ಸಂಜೆ ಹೆಂಡತಿ ಸೀನಿದ ರಭಸಕ್ಕೆ ಪಕ್ಕದ ಮನೆಯವರು ತಮ್ಮ ಸೋಫಾದಿಂದಲೇ "ಬ್ಲೆಸ್ ಯೂ" ಅಂದರು.

೨. ಎರಡು ಚೀಲ

ಹೆಂಡತಿ ನನಗೆ ಹೇಳದೆ ಡಕ್ಟ್ ಕ್ಲೀನ್ ಮಾಡುವವನನ್ನು ಕರೆಸಿದಳು. ನಮ್ಮಲ್ಲಿ ಎಸಿ ಗಾಳಿ ಬರುವ ಕಿಂಡಿಗಳೆಲ್ಲ ನೆಲದಲ್ಲೇ ಇವೆ. ಅವನು ಜಾಲರಿ ತೆಗೆದು ಕೊಳವೆಯೊಳಗೆ ಕ್ಯಾಮೆರಾ ಇಳಿಸಿ, ಸ್ಕ್ರೀನ್ ನೋಡಿ ಗಂಭೀರನಾದ. ಒಳಗೆಲ್ಲ ಹಳದಿ ಅಕ್ಕಿ.

"ಇಲಿಗಳಿಗೆ ಊಟ ಹಾಕ್ತೀರಾ ಸರ್?" ಅಂತ ಇಂಗ್ಲಿಷಿನಲ್ಲಿ ಕೇಳಿದ.

ಗೃಹಪ್ರವೇಶ ಒಂದು, ಆಮೇಲೆ ಎಂಟು ಸತ್ಯನಾರಾಯಣ ಪೂಜೆ. ಬಂದವರೆಲ್ಲ ನಮ್ಮ ತಲೆ ಮೇಲೆ ಹಾಕಿದ ಅಕ್ಷತೆ ಸೀದಾ ಕಿಂಡಿಯೊಳಗೆ ಇಳಿದಿತ್ತು.

"ಅದು ಅಕ್ಕಿಯಲ್ಲಪ್ಪ, ಹಿರಿಯರ ಆಶೀರ್ವಾದ" ಅಂತ ವಿವರಿಸಿದೆ.

ಅವನು ಭಕ್ತಿಯಿಂದ ಕೇಳಿಸಿಕೊಂಡು, "ಆಶೀರ್ವಾದ ಎರಡು ಚೀಲ ಆಗಿದೆ ಸರ್, ಎಲ್ಲಿಡಲಿ?" ಅಂದ.

೩. ಯುಗಾದಿ

ಆಮೇಲೆ ಹತ್ತು ದಿನ ಮನೆಯಲ್ಲಿ ಒಂದು ಸೀನಿಲ್ಲ. ಆದರೆ ಕಾರ್ಯಕ್ರಮ ಇದ್ದದ್ದು ಶಾಲೆಯೊಂದರ ಆಡಿಟೋರಿಯಂನಲ್ಲಿ. ಅಲ್ಲಿನ ಡಕ್ಟಿನ ಒಳಗನ್ನು ಯಾರು ಕಂಡಿದ್ದಾರೆ? ಅವಳ ಸರದಿಗೆ ಸ್ವಲ್ಪ ಮುಂಚೆ ನಾನು ಕೂಟದ ಕಾರ್ಯದರ್ಶಿಯನ್ನು ಹಿಡಿದು ಎಸಿ ಆಫ್ ಮಾಡಿಸಿದೆ.

"ಅಂಕಲ್, ಮುನ್ನೂರು ಜನ ಇದಾರೆ. ರೇಷ್ಮೆ ಸೀರೆ ಉಟ್ಟೋರು ಬೆಂದು ಹೋಗ್ತಾರೆ."

"ಒಂದೇ ಹಾಡು ಕಣಪ್ಪ. ಬೇಯಲಿ."

ಮುಂದಿನ ಸಾಲಿನಲ್ಲಿ ಕೂತು ಅವಳ ಮೂಗಿನ ಮೇಲೆ ದೃಷ್ಟಿ ನೆಟ್ಟೆ. ಒಮ್ಮೆ ಮೂಗಿನ ತುದಿ ಅದುರಿತು. ನಾನು ಉಸಿರು ಬಿಗಿಹಿಡಿದೆ. ಅದು ಅಡಗಿತು. ಹಾಡೂ ಮುಗಿಯಿತು. ಒಂದೇ ಒಂದು ಸೀನಿಲ್ಲ. ಜನರ ಕೈಯೆಲ್ಲ ಕರಪತ್ರ ಬೀಸಿಕೊಳ್ಳುವುದರಲ್ಲಿತ್ತು, ಹಾಗಾಗಿ ಮುನ್ನೂರು ಜನರ ಚಪ್ಪಾಳೆ ನಾನೊಬ್ಬನೇ ಎದ್ದು ನಿಂತು ತಟ್ಟಿದೆ.

ಡ್ರೈವ್ ಮಾಡಿಕೊಂಡು ವಾಪಸ್ ಬರುವಾಗ ಅವಳು ಮೆಲ್ಲಗೆ ಕೇಳಿದಳು. "ರೀ, ಹೇಗಿತ್ತು?"

"ಒಂದು ಸೀನೂ ಇಲ್ಲ. ಗೆದ್ದುಬಿಟ್ಟೆ ಕಣೇ."

"ಹಾಡು ಹೇಗಿತ್ತು ಅಂದೆ. ಗಾಬರೀಲಿ ಎರಡನೇ ಚರಣ ಮರೆತು ಮೊದಲನೇದನ್ನೇ ಎರಡು ಸಲ ಹಾಡಿಬಿಟ್ಟೆ. ಗೊತ್ತಾಯ್ತಾ?"

ಸಿಗ್ನಲ್ಲಿನಲ್ಲಿ ಬ್ರೇಕ್ ಹಾಕಿ ಕೇಳಿದೆ:

"ಅದರಲ್ಲಿ ಚರಣ ಬೇರೆ ಇತ್ತಾ?"