ಗಂಡನ ಅಳತೆಯ ವೆಸ್ಟ್

ಜೂನ್ ತಿಂಗಳ ದುಬೈಯಲ್ಲಿ ಕೂತು ಗಂಡನಿಗೆ ಉಣ್ಣೆಯ ವೆಸ್ಟ್ ಹೆಣೆಯುತ್ತಿದ್ದೇನೆಂದರೆ ಊರಿನವರು ನನ್ನ ತಲೆ ಸರಿಯಿದೆಯೇ ಎಂದು ವಿಚಾರಿಸುತ್ತಾರೆ. ಅವರಿಗೆ ಇಲ್ಲಿನ ಆಫೀಸುಗಳ ಸಂಗತಿ ಗೊತ್ತಿಲ್ಲ. ಸಿಲಿಕಾನ್ ಓಯಸಿಸ್‌ನಲ್ಲಿ ನನ್ನ ಗಂಡ ವಿಲ್ಫ್ರೆಡ್ ಕೂರುವ ಕುರ್ಚಿ ಸರಿಯಾಗಿ ಎಸಿ ಕಿಂಡಿಯ ಕೆಳಗಿದೆ. ಇಡೀ ಕಟ್ಟಡಕ್ಕೆ ಒಂದೇ ಎಸಿ, ಕಡಿಮೆ ಮಾಡುವ ಹಾಗಿಲ್ಲ. ಹೊರಗೆ ಬೆಂಕಿ ಸುರಿಯುತ್ತಿದ್ದರೂ ಇವರು ಸಂಜೆ ಸೀನುತ್ತಲೇ ಮನೆಗೆ ಬರುತ್ತಾರೆ. ಅಂಗಡಿಯಿಂದ ಒಂದು ವೆಸ್ಟ್ ತಂದಿದ್ದರೆ ಮುಗಿಯುತ್ತಿತ್ತು. ಆದರೆ ಮದುವೆಯಾದಾಗಿನಿಂದ ನಾನು ಕೈಯಾರೆ ಮಾಡಿದ ಒಂದು ಬಟ್ಟೆಯನ್ನೂ ಇವರು ಹಾಕಿಕೊಂಡು ಹೊಸ್ತಿಲು ದಾಟಿದ್ದಿಲ್ಲ. ಒಂದೇ ಒಂದು ದಿನ ನನ್ನ ವೆಸ್ಟ್ ಆಫೀಸಿಗೆ ಹೋಗಬೇಕು, ಇಷ್ಟೇ ನನ್ನ ಆಸೆ.

ಅಲ್ ಮುರಕ್ಕಬಾತ್‌ನ ಅಂಗಡಿಯಿಂದ ಅಪ್ಪಟ ಉಣ್ಣೆ ತಂದು, ಯೂಟ್ಯೂಬ್ ನೋಡಿ ಶುರು ಮಾಡಿದೆ. ಅಳತೆಗೆ ನಿಲ್ಲಿಸಿದರೆ ಇವರು ಹೊಟ್ಟೆಯನ್ನು ಒಳಗೆಳೆದುಕೊಳ್ಳುತ್ತಾರೆ. ಅದು ಗೊತ್ತಿದ್ದೇ ಒಂದಷ್ಟು ಹೆಚ್ಚು ಹಿಡಿದೆ. ಹಿಂಭಾಗ ಹೆಣೆಯುವಾಗ ನಮ್ಮಿಬ್ಬರಿಗೆ ಮಾತಿರಲಿಲ್ಲ, ಹೆಣಿಗೆ ಬಿಗಿಯಾಯಿತು. ಮುಂಭಾಗದ ಹೊತ್ತಿಗೆ ರಾಜಿಯಾಗಿ ಸಡಿಲವಾಯಿತು. ಜೋಡಿಸಿ ತೊಡಿಸಿದರೆ ಹಿಂದೆ ಸೊಂಟದ ಮೇಲೇ ನಿಂತಿತು, ಮುಂದೆ ಮೊಣಕಾಲಿನತ್ತ ಹೊರಟಿತು.

"ಒಳ್ಳೆದುಂಟು ಮಾರಾಯ್ತಿ," ಎಂದರು ಇವರು ಕನ್ನಡಿ ನೋಡುತ್ತಾ. "ಕಂಕುಳಲ್ಲಿ ಮಾತ್ರ ಸ್ವಲ್ಪ ಗಾಳಿ ಬರ್ತದೆ."

"ಮಮ್ಮಿ, ಇಟ್ಸ್ ಅ ಡ್ರೆಸ್," ಎಂದಳು ಮಗಳು. ನಾನು ಅಡುಗೆಮನೆಗೆ ಹೋಗಿ ಅತ್ತೆ.

ಎದುರು ಫ್ಲ್ಯಾಟಿನ ಮೈಮೂನಕ್ಕ ಸಮಾಧಾನ ಹೇಳಿದರು. "ಅಳುವುದೆಂತಕ್ಕೆ? ತಣ್ಣೀರಲ್ಲಿ ನೆನೆಸಿ, ಟವೆಲಿನ ಮೇಲೆ ಬೇಕಾದ ಅಳತೆಗೆ ಸರಿಮಾಡಿ ಒಣಗಿಸಿ. ಸರಿಯಾಗ್ತದೆ."

ವೆಸ್ಟನ್ನು ಬಕೆಟಿಗೆ ಹಾಕಿ, ಸೋಪಿನ ಪುಡಿ ಉದುರಿಸಿ, ತಣ್ಣೀರಿನ ನಲ್ಲಿಯನ್ನು ಸಣ್ಣಗೆ ಬಿಟ್ಟು, ಮಗಳನ್ನು ಸ್ಕೂಲ್ ಬಸ್ಸಿನಿಂದ ಕರೆತರಲು ಕೆಳಗೆ ಹೋದೆ. ಇಲ್ಲಿ ಬೇಸಿಗೆಯಲ್ಲಿ ತಾರಸಿಯ ಟ್ಯಾಂಕಿನ ನೀರು ಕಾದೇ ಬರುತ್ತದೆ. ಅದಕ್ಕೆ ನಾವೆಲ್ಲ ಗೀಸರ್ ಆರಿಸಿಟ್ಟು, ಅದರೊಳಗೆ ತಣಿದ ನೀರನ್ನು ಬಿಸಿನೀರಿನ ನಲ್ಲಿಯಿಂದ ಹಿಡಿಯುವವರು. ಸ್ನಾನಕ್ಕೆ ದಿನವೂ ನೆನಪಾಗುವ ಈ ಸಂಗತಿ ಅವತ್ತೇ ಮರೆಯಬೇಕೇ? ಬಂದು ನೋಡಿದರೆ ಬಕೆಟಿನಿಂದ ಹಬೆ ಏಳುತ್ತಿದೆ. ಗಾಬರಿಯಲ್ಲಿ ಫ್ರಿಜ್ಜಿನ ಐಸನ್ನೆಲ್ಲ ಸುರಿದು ತಿಕ್ಕಿದೆ. ಬಿಸಿಯಿಂದ ಒಮ್ಮೆಲೇ ತಂಪಿಗೆ ಹಾಕುವುದೂ ತಿಕ್ಕುವುದೂ ಉಣ್ಣೆಗೆ ಆಗದಂತೆ. ಮೈಮೂನಕ್ಕ ಇದನ್ನು ಹೇಳಿದ್ದು ಆಮೇಲೆ. ಹೊರತೆಗೆದಾಗ ಕೈಯಲ್ಲಿದ್ದದ್ದು ಕಾಲೊರಸಿನಷ್ಟು ದಪ್ಪಗೆ ಮುದುಡಿದ, ಮಗಳ ತಲೆಯಿಂದಲೂ ಕೆಳಗಿಳಿಯದ ಒಂದು ವಸ್ತು. ಖಲಾಸ್ ಎಂದುಕೊಂಡೆ. ಇನ್ನು ಜನ್ಮದಲ್ಲಿ ಹೆಣಿಗೆಯ ಕಡ್ಡಿ ಮುಟ್ಟುವುದಿಲ್ಲವೆಂದೂ ಅಂದುಕೊಂಡೆ.

ಮರುದಿನ ಇವರು ಅದನ್ನು ಬ್ಯಾಗಿನೊಳಗಿಟ್ಟುಕೊಂಡು ಹೋದರು. ಸಂಜೆ ಬಂದಾಗ ಒಂದು ಸೀನೂ ಇಲ್ಲ. ನನಗೆ ಜೀವ ಬಂದಂತಾಯಿತು.

"ಹಾಕಿದ್ರಾ?" ಎಂದೆ.

"ಹಾಕಿದೆ. ಕುರ್ಚಿ ಹತ್ತಿ, ಎಸಿ ಕಿಂಡಿಗೆ. ಸುತ್ತ ಟೇಪ್ ಅಂಟಿಸಿದೆ. ಒಂದು ಬೆರಳು ಹೆಚ್ಚಿಲ್ಲ, ಕಡಿಮೆಯೂ ಇಲ್ಲ ಮಾರಾಯ್ತಿ. ಅಳತೆ ತೆಗೆದು ಮಾಡಿದ ಹಾಗೆ ಕೂತಿತು."

ಹೀಗೆ ನನ್ನ ವೆಸ್ಟ್ ಆಫೀಸಿಗೆ ಹೋದದ್ದಷ್ಟೇ ಅಲ್ಲ, ಅಲ್ಲೇ ಕಾಯಂ ಆಯಿತು. ಪಕ್ಕದ ಸಾಲಿನವರೂ ತಮ್ಮ ಕಿಂಡಿಗೊಂದು ಬೇಕೆಂದು ಹೇಳಿಕಳಿಸಿದ್ದಾರೆ. ಮೊನ್ನೆ ಶಪಥ ಮರೆತು, ಉಳಿದ ಉಣ್ಣೆಯಲ್ಲಿ ಇವರಿಗೊಂದು ಹೊಸದು ಹೆಣೆಯೋಣವೆಂದು ಅಳತೆಯ ಟೇಪು ಹಿಡಿದು ಎದುರು ನಿಂತೆ.

"ಇನ್ನೆಂತಕ್ಕೆ?" ಎಂದರು ಇವರು. "ಈಗ ಚಳಿಯೇ ಇಲ್ಲ ಅಲ್ವಾ?"